ಮೂರನೆಯ ಒಲ್ಲೆ

ಮೂವತ್ತು ವರ್ಷ ಸರ್ಕಾರಿ ಶಾಲೆಗಳಲ್ಲಿ ಕನ್ನಡ ಕಲಿಸಿದವಳು ನಾನು. ಅದರಲ್ಲಿ ಅರ್ಧ ಆಯುಷ್ಯ ಲಕಾರ ಳಕಾರ ತಿದ್ದುವುದರಲ್ಲೇ ಹೋಯಿತು. ನಮ್ಮ ಕುರುಗೋಡಿನ ಮಕ್ಕಳು ಮಳೆಯನ್ನು ಮಲೆ ಮಾಡುತ್ತಿದ್ದವು, ಬಾಳೆಹಣ್ಣನ್ನು ಬಾಲೆಹಣ್ಣು ಮಾಡಿ ತಿನ್ನುತ್ತಿದ್ದವು. "ನಾಲಿಗಿ ಮಡಚಲೇ, ಮಡಚಿದ್ರ ಏನು ಮುರಿದು ಕೈಯಾಗ ಬರ್ತೈತೇನು?" ಎಂದು ರೇಗುತ್ತಿದ್ದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಒಂದು ಲಕಾರದ ಸಲುವಾಗಿ, ಅರವತ್ತು ದಾಟಿದ ಮೇಲೆ, ಒಬ್ಬಳೇ ವಿಮಾನ ಹತ್ತಿ ಸಮುದ್ರ ದಾಟಬೇಕಾದೀತು ಎಂದು ಆಗ ಯಾರಾದರೂ ಅಂದಿದ್ದರೆ ಅವರ ಮೇಲೂ ರೇಗುತ್ತಿದ್ದೆ.

ಹಾಗೆ ಹೋದದ್ದು ನನ್ನ ಗೆಳತಿಗಾಗಿ, ಅವಳು ಸಿರುಗುಪ್ಪದವಳು. ಪಿಯುಸಿ ಓದುವಾಗ ನಾವಿಬ್ಬರೂ ಬಳ್ಳಾರಿಯ ಕಂಟೋನ್ಮೆಂಟಿನಲ್ಲಿದ್ದ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದೆವು. ನಾನು ರೊಟ್ಟಿಯ ಊರಿನವಳು, ಅವಳು ಅನ್ನದ ಊರಿನವಳು. ನನ್ನ ಡಬ್ಬಿಯ ಕಡಕ್ ರೊಟ್ಟಿ ಅವಳು ಮುರಿದು ತಿಂದರೆ, ಅವಳ ಮನೆಯ ಚಿತ್ರಾನ್ನ ನಾನು ಖಾಲಿ ಮಾಡುತ್ತಿದ್ದೆ. ಆಮೇಲೆ ಅವಳು ನರ್ಸಿಂಗ್ ಓದಿದಳು, ಜೊತೆಗೆ ಕೆಲಸ ಮಾಡುತ್ತಿದ್ದ ಮಲಯಾಳಿಯೊಬ್ಬನನ್ನು ಮದುವೆಯಾದಳು, ಅರಬರ ದೇಶಕ್ಕೆ ಹೋದಳು, ಅಲ್ಲಿಂದ ಐರ್ಲೆಂಡಿಗೆ ಹೋಗಿ ಅಲ್ಲೇ ನೆಲೆಯಾದಳು. ಒಬ್ಬಳೇ ಮಗಳು. ಗಂಡ ತೀರಿಹೋಗಿ ಕೆಲವು ವರ್ಷವಾಗಿತ್ತು. ಅಷ್ಟು ದೂರ ಹೋದರೂ ಭಾನುವಾರದ ಫೋನು ತಪ್ಪಲಿಲ್ಲ, ಅವಳ ಬಾಯಲ್ಲಿದ್ದ ಸಿರುಗುಪ್ಪವೂ ಹೋಗಲಿಲ್ಲ. ಎತ್ತಿದ ಕೂಡಲೇ, "ಏನಲೇ ಟೀಚರಮ್ಮಾ, ಇವತ್ತು ಯಾರ ಮ್ಯಾಲ ಸಿಟ್ಟು?" ಎನ್ನುತ್ತಿದ್ದಳು.

ಅವಳ ತಾಯಿಯ ಬಗ್ಗೆ ಇಲ್ಲಿ ಹೇಳಲೇಬೇಕು. ಹಾಸ್ಟೆಲಿಗೆ ರಜೆ ಬಂದರೆ ಬಸ್ಸು ಹತ್ತಿ ಸಿರುಗುಪ್ಪಕ್ಕೆ ಅವರ ಮನೆಗೆ ಹೋಗುತ್ತಿದ್ದೆವು. ಆ ತಾಯಿ ಊಟಕ್ಕೆ ಬಡಿಸಲು ನಿಂತರೆ ಸೌಟು ಕೆಳಗಿಡುವವರಲ್ಲ. ನಮ್ಮ ಕಡೆಯ ರೀತಿ ಎಲ್ಲರಿಗೂ ಗೊತ್ತೇ ಇದೆ. ಹಸಿವಿದ್ದರೂ ಮೊದಲ ಸಲ ಕೇಳಿದಾಗ "ಒಲ್ಲೆ" ಎನ್ನಬೇಕು. ಬಡಿಸುವವರು ಅದನ್ನು ಕೇಳಿಯೂ ಕೇಳದವರಂತೆ ಮತ್ತೆ ಕೇಳಬೇಕು. ನನಗೆ ಆ ಮನೆಯಲ್ಲಿ ಬಹಳ ಸಂಕೋಚ, ಒಂದೇ ಸಮನೆ ಒಲ್ಲೆ ಒಲ್ಲೆ ಎನ್ನುತ್ತಿದ್ದೆ. ಆಗ ಅವರು ಹೇಳಿದ್ದು ಇಂದಿಗೂ ನೆನಪಿದೆ: "ಮೊದಲನೇ ಒಲ್ಲೆ ನಾಚಿಕಿದು, ಎರಡನೇ ಒಲ್ಲೆ ಮರ್ಯಾದಿದು, ಮೂರನೇದು ಹೊಟ್ಟಿದು. ಮೂರನೇದನ್ನ ಮಾತ್ರ ಕೇಳಬೇಕವ್ವ, ಅದರ ಮ್ಯಾಲ ಬಡಿಸಿದ್ರ ಪಾಪ." ಗೆಳತಿಗೆ ಬಾಯಿಮಾತು ಬೇಕಿರಲಿಲ್ಲ. ಹೊಟ್ಟೆ ತುಂಬಿತೆಂದರೆ ಎಡಗೈಯನ್ನು ತಟ್ಟೆಯ ಮೇಲೆ ಅಡ್ಡ ಹರವಿ ಕೂತುಬಿಡುತ್ತಿದ್ದಳು. ಅವಳು ಎಡಚಿ, ಊಟ ಮಾತ್ರ ಬಲಗೈಯಲ್ಲಿ ಮಾಡೆಂದು ತಾಯಿ ರೂಢಿ ಮಾಡಿಸಿದ್ದರು. ಆ ಎಡಗೈ ತಟ್ಟೆಯ ಮೇಲೆ ಬಂತೆಂದರೆ ತಾಯಿಯೂ ಸೌಟನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದರು.

ಅವಳ ಕಿಡ್ನಿ ಕೆಟ್ಟವು. ದಿನ ಬಿಟ್ಟು ದಿನ ಡಯಾಲಿಸಿಸ್ ಆಗತೊಡಗಿತು. ತಾನೇ ನರ್ಸಾಗಿ ಎಷ್ಟೋ ಜನರಿಗೆ ಆ ಸೂಜಿ ಚುಚ್ಚಿದವಳು, ಅದರ ಬಗ್ಗೆ ತಮಾಷೆ ಮಾಡಿಕೊಂಡೇ ಇದ್ದಳು. ಆಮೇಲೊಂದು ದಿನ ಲಕ್ವ ಹೊಡೆಯಿತು. ಬಲಭಾಗ ಬಿದ್ದುಹೋಯಿತು, ಮಾತು ಬಿದ್ದುಹೋಯಿತು. ವಾರಗಳಾದ ಮೇಲೆ ಮರಳಿ ಬಂದದ್ದು ಒಂದೆರಡು ಶಬ್ದ, ಅದೂ ಚಿಕ್ಕಂದಿನ ಕನ್ನಡ. ಇಷ್ಟು ವರ್ಷ ದುಡಿದು ಉಂಡ ಇಂಗ್ಲಿಷು ಒಂದಕ್ಷರವೂ ಮರಳಲಿಲ್ಲ. ಹೇಳಿದ್ದು ಅವಳಿಗೆ ಅರ್ಥವಾಗುತ್ತದೆ, ತಿರುಗಿ ಹೇಳಲು ಬರುವುದಿಲ್ಲ ಎಂದರಂತೆ ಡಾಕ್ಟರು.

ಮಗಳು ಹುಟ್ಟಿದಂದಿನಿಂದ ಆ ಮನೆಯ ಮಾತು ಇಂಗ್ಲಿಷು. ತಾಯಿಗೆ ಹೀಗಾದ ಮೇಲೆ ಆ ಹುಡುಗಿ ಕಂಪ್ಯೂಟರಿನಲ್ಲಿ ಯಾರದೋ ಹತ್ತಿರ ಕನ್ನಡ ಪಾಠ ಹೇಳಿಸಿಕೊಳ್ಳಲು ಶುರುಮಾಡಿದಳು. ದಿನವಿಡೀ ಕೆಲಸ, ತಾಯಿಯ ಆರೈಕೆ, ಅದರ ನಡುವೆ ಅ ಆ ಇ ಈ. ನನಗೆ ಅವಳ ಮೇಲೆ ಎಷ್ಟು ಮಮತೆ ಬಂದಿತ್ತೆಂದರೆ ನಾನೇ ಕಲಿಸುತ್ತೇನೆ ಎಂದು ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಒಂದು ಭಾನುವಾರ ಅವಳು ವಿಡಿಯೋ ಕರೆ ಮಾಡಿ ಸಂತೋಷದಿಂದ ಹೇಳಿದಳು: "ದೊಡ್ಡಮ್ಮ, ಅಮ್ಮ ಈಗ ತುಂಬಾ ಪಾಸಿಟಿವ್ ಇದ್ದಾರೆ. ನಾನು ಏನು ಕೇಳಿದರೂ ಒಳ್ಳೆ ಒಳ್ಳೆ ಹೇಳುತ್ತಾರೆ. ಡಯಾಲಿಸಿಸ್ ಹೋಗೋಣ ಅಂದರೆ ಕೂಡ ಒಳ್ಳೆ. ನೋಡಿ." ಫೋನನ್ನು ತಾಯಿಯ ಮುಖದ ಹತ್ತಿರ ಹಿಡಿದು, "ಅಮ್ಮಾ, ನಾಳೆ ಡಯಾಲಿಸಿಸ್, ಓಕೆ?" ಎಂದಳು.

ಗೆಳತಿ ನನ್ನನ್ನೇ ನೋಡುತ್ತ, "ಒಲ್ಲೆ," ಎಂದಳು.

"ನೋಡಿದಿರಾ?" ಎಂದು ಮಗಳು ನಕ್ಕಳು.

ಬಳ್ಳಾರಿಯ ಸತ್ಯನಾರಾಯಣಪೇಟೆಯ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತಿದ್ದ ನಾನು ಫೋನನ್ನು ಕಣ್ಣಿನ ಹತ್ತಿರಕ್ಕೆ ತಂದುಕೊಂಡೆ. ಸಿರುಗುಪ್ಪದಲ್ಲಿ ಹುಟ್ಟಿದವಳು ಒಳ್ಳೆಯದಕ್ಕೆ ಒಳ್ಳೆ ಎನ್ನುವುದಿಲ್ಲ, ಚಲೋ ಎನ್ನುತ್ತಾಳೆ. ಈ ನಲವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಅವಳ ಬಾಯಿಂದ ಒಳ್ಳೆ ಎಂಬ ಮಾತು ಕೇಳಿದ ನೆನಪು ನನಗಿಲ್ಲ. ಆದರೂ ಫೋನಿನಲ್ಲಿ ನಾನು ಏನೂ ಹೇಳಲಿಲ್ಲ. ನಗುತ್ತಿದ್ದ ಆ ಹುಡುಗಿಗೆ, ನಿನ್ನ ತಾಯಿ ನಿನ್ನ ಹತ್ತಿರ ಬದುಕು ಸಾಕೆಂದು ಹೇಳುತ್ತಿದ್ದಾಳೆ, ನೀನದನ್ನು ಹೂಂ ಎಂದುಕೊಂಡು ಕಾರಿನಲ್ಲಿ ಕೂಡಿಸಿಕೊಂಡು ಹೋಗುತ್ತಿದ್ದೀಯ ಎಂದು ಹೇಗೆ ಹೇಳುವುದು? ಅದೂ ನನ್ನ ಕಿವಿಯನ್ನು, ಆ ಫೋನಿನ ದನಿಯನ್ನು ನಂಬಿಕೊಂಡು? ಲಕ್ವ ಹೊಡೆದ ನಾಲಿಗೆ ಮಡಚಲಾರದೆ ಳಕಾರವೇ ಲಕಾರವಾಗಿದ್ದರೆ? ಇಂಥ ಮಾತನ್ನು ಎದುರಿಗೆ ಕೂತು ಕೇಳಿಯೇ ತೀರ್ಮಾನಿಸಬೇಕು.

"ನಾ ಹೋಗಬೇಕು," ಎಂದೆ ನಮ್ಮನೆಯವರಿಗೆ.

ಅವರ ಹೃದಯಕ್ಕೆ ಎರಡು ಸ್ಟೆಂಟ್ ಹಾಕಿದ್ದಾರೆ, ವಿಮಾನ ಬೇಡವೆಂದು ಡಾಕ್ಟರು ಹೇಳಿದ್ದಾರೆ. "ಒಬ್ಬಾಕಿನ ಹೆಂಗ ಹೋಗ್ತೀ? ಹೊಸಪೇಟಿಗೆ ಹೋಗಾಕ ನಾನು ಬಸ್ ಹತ್ತಿಸಬೇಕು ನಿನಗ," ಎಂದರು.

"ಹೊಸಪೇಟಿ ಬಸ್ಸಿನಾಗ ಸೀಟ್ ಸಿಗಂಗಿಲ್ಲ. ವಿಮಾನದಾಗ ಸೀಟ್ ಗ್ಯಾರಂಟಿ ಐತಿ," ಎಂದೆ. ಬಾಯಷ್ಟೇ ಜೋರಿತ್ತು. ಹಿಂದೆ ಎರಡು ಸಲ ಅವಳೇ ಕರೆದಿದ್ದಳು, ಎರಡು ಸಲವೂ ನಾನು ಒಲ್ಲೆ ಎಂದಿದ್ದೆ. ಅಷ್ಟು ದೂರ, ಅಷ್ಟು ಚಳಿ, ನನಗ್ಯಾಕೆ ಎಂದು. ಈ ಸಲ ಕರೆಯುವ ಬಾಯಿಯೇ ಅವಳಿಗಿರಲಿಲ್ಲ.

ವೀಸಾ ಬರಲು ವಾರಗಳೇ ಹಿಡಿದವು. ಆ ವಾರಗಳಲ್ಲಿ ಡಯಾಲಿಸಿಸ್ ನಡೆದೇ ಇತ್ತು, ನಾನು ಕ್ಯಾಲೆಂಡರ್ ನೋಡಿದಾಗಲೆಲ್ಲ ಇವತ್ತು ಒಯ್ದಿರುತ್ತಾರೆ ಎಂದುಕೊಳ್ಳುತ್ತಿದ್ದೆ. ಹೊರಡುವ ಮುನ್ನ ಕುರುಗೋಡಿಗೆ ಹೋಗಿ ಬಸವೇಶ್ವರನಿಗೆ ಕೈಮುಗಿದು ವಿಭೂತಿ ತಂದೆ. ಅಲ್ಲಿ ಆ ದೊಡ್ಡ ಬಸವಣ್ಣನ ಮುಂದೆ ನಿಂತು ಏನು ಕೇಳಿಕೊಳ್ಳಬೇಕೆಂದು ತಿಳಿಯಲಿಲ್ಲ. ಅವಳು ಬದುಕಲಿ ಎನ್ನಲೋ, ಅವಳು ಅಂದಂತೆ ಆಗಲಿ ಎನ್ನಲೋ? ಕೊನೆಗೆ, ನನ್ನ ಕಿವಿ ತಪ್ಪಾಗಿರಲಿ ತಂದೆ ಎಂದು ಬೇಡಿಕೊಂಡೆ. ಪಾಠದಲ್ಲಿ ನನ್ನದೇ ತಪ್ಪಾಗಲಿ ಎಂದು ಬೇಡಿಕೊಂಡದ್ದು ಅದೇ ಮೊದಲು.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ನನ್ನ ಕೈಚೀಲ ಬಿಚ್ಚಿಸಿದರು. ಒಳಗೆ ಕಡಕ್ ರೊಟ್ಟಿಯ ಕಟ್ಟು, ವಿಭೂತಿ, ಕಂಬಳಿ ಶಾಲು. ವಿಭೂತಿ ಉಂಡೆಯನ್ನು ತಪಾಸಣೆಯ ಹುಡುಗಿ ತಿರುಗಿಸಿ ತಿರುಗಿಸಿ ನೋಡಿದಳು. "ಹಣಿಗೆ ಹಚ್ಕೊಳ್ಳೋದವ್ವ, ನೋಡು," ಎಂದು ನನ್ನ ಹಣೆ ತೋರಿಸಿದೆ. ಅವಳು ನಕ್ಕು ಚೀಲ ತಿರುಗಿ ಕೊಟ್ಟಳು. ಅಲ್ಲಿಂದ ಮುಂದೆ ನಮ್ಮವರು ಅನ್ನುವವರು ಯಾರೂ ಇಲ್ಲವೆಂದು ಆಗ ಅರಿವಾಯಿತು. ಸೂಚನಾ ಫಲಕ ನೋಡುತ್ತ, ಸಿಕ್ಕವರನ್ನೆಲ್ಲ ಕೇಳುತ್ತ, ಒಂದೇ ಪ್ರಶ್ನೆಯನ್ನು ಇಬ್ಬರಿಗೆ ಕೇಳಿ ಉತ್ತರ ತಾಳೆ ನೋಡುತ್ತ ಹೋದೆ.

ವಿಮಾನದಲ್ಲಿ ನನ್ನ ಪಕ್ಕ ಕೂತದ್ದು ಕಡಪದ ಕಡೆಯ ಹೆಣ್ಣುಮಗಳು. ಕುವೈತಿನಲ್ಲಿ ಒಂದು ಮನೆಯ ಕೆಲಸಕ್ಕಿದ್ದವಳು, ರಜೆ ಮುಗಿಸಿ ಮರಳುತ್ತಿದ್ದಳು. ನನ್ನ ಬೆಲ್ಟು ಸಿಕ್ಕಿಸಿಕೊಟ್ಟು, "ಎವರಿಕೋಸಂ ಪೋತಾಂಡಾರಮ್ಮಾ?" ಎಂದಳು. ಬಳ್ಳಾರಿಯವಳಾದ ನನಗೆ ತೆಲುಗು ನೀರು ಕುಡಿದಷ್ಟು ಸಲೀಸು. ಯಾರಿಗಾಗಿ ಹೋಗುತ್ತೀರಿ ಎಂಬ ಅವಳ ಪ್ರಶ್ನೆಗೆ, ಗೆಳತಿಗಾಗಿ ಎಂದೆ. ಮಗ ಮಗಳು ಯಾರೂ ಅಲ್ಲವೇ, ಬರೀ ಗೆಳತಿಯೇ ಎಂದು ಎರಡು ಸಲ ಕೇಳಿದಳು. ಬರೀ ಗೆಳತಿಯೇ ಎಂದೆ. ವಿಮಾನ ನೆಲ ಬಿಟ್ಟಾಗ ನಾನು ಕಣ್ಣು ಮುಚ್ಚಿಕೊಂಡೆ. ಅವಳು ನನ್ನ ಕೈಹಿಡಿದುಕೊಂಡಳು, ಮೋಡ ದಾಟುವವರೆಗೂ ಬಿಡಲಿಲ್ಲ.

ಸ್ವಲ್ಪ ಹೊತ್ತಿಗೆ ಗಾಡಿ ತಳ್ಳಿಕೊಂಡು ಬಂದ ಹುಡುಗ ಏನೋ ಕೇಳಿದ. ಕಿವಿ ಗುಂಯ್ ಎನ್ನುತ್ತಿತ್ತು. ನಾನು ಯೋಚಿಸದೆ, "ಒಲ್ಲೆ," ಎಂದೆ. ಅವನು ಅದನ್ನು ಆರೆಂಜ್ ಎಂದು ಕೇಳಿಸಿಕೊಂಡನೋ ಏನೋ, ಲೋಟ ತುಂಬ ಕಿತ್ತಳೆ ರಸ ಹಾಕಿ, ಮುಗುಳ್ನಕ್ಕು, ನನ್ನ ಮುಂದಿಟ್ಟು ಹೋದ. ಬೇರೆ ದಿನವಾಗಿದ್ದರೆ ಮನೆಗೆ ಬಂದು ಇದನ್ನೇ ಹೇಳಿ ಹೇಳಿ ನಗಿಸುತ್ತಿದ್ದೆ. ಅವತ್ತು ಆ ಲೋಟ ನೋಡುತ್ತ ಕೂತೆ. ಒಲ್ಲೆ ಎಂದವಳ ಮುಂದೆ ತುಂಬಿದ ಲೋಟ. ಅವನದೇನೂ ತಪ್ಪಿರಲಿಲ್ಲ, ಅವನು ಪ್ರೀತಿಯಿಂದಲೇ ಇಟ್ಟಿದ್ದ.

ಕುಡಿಯಲಿಲ್ಲ. ಬೇಡ ಎಂಬುದಕ್ಕೂ ಒಲ್ಲೆ ಎಂಬುದಕ್ಕೂ ವ್ಯತ್ಯಾಸವೇನೆಂದು ನಾನು ತರಗತಿಯಲ್ಲಿ ಹೇಳುತ್ತಿದ್ದುದು ನೆನಪಾಯಿತು. ಬೇಡ ಎಂದು ಯಾರು ಬೇಕಾದರೂ ಯಾರ ಪರವಾಗಿ ಬೇಕಾದರೂ ಹೇಳಬಹುದು. ಒಲ್ಲೆ ಎಂಬುದರೊಳಗೆ ನಾನು ಎಂಬುದು ಸೇರಿಕೊಂಡಿದೆ, ಅದನ್ನು ತಾನೇ ಹೇಳಬೇಕು. ಎಲ್ಲ ಮಾತು ಕಳೆದುಕೊಂಡವಳ ಬಾಯಲ್ಲಿ ಉಳಿದದ್ದು ಈ ಒಂದು ಮಾತು. ಕಿಟಕಿಯಾಚೆ ಬರೀ ಬೆಳಕಿತ್ತು, ನಾನು ಸೆರಗಿನಲ್ಲಿ ಮುಖ ಒರೆಸಿಕೊಂಡೆ.

ಕೊಲ್ಲಿಯ ಒಂದು ಊರಿನಲ್ಲಿ ವಿಮಾನ ಬದಲಿಸಬೇಕಿತ್ತು. ಕಡಪದ ಹೆಣ್ಣುಮಗಳು ನನ್ನನ್ನು ಸರಿಯಾದ ಸಾಲಿನಲ್ಲಿ ನಿಲ್ಲಿಸಿ, ತನ್ನ ದಾರಿ ಹಿಡಿದಳು. ಎರಡನೆಯ ವಿಮಾನದಲ್ಲಿ ಮಾತಾಡಲು ಯಾರೂ ಇರಲಿಲ್ಲ. ಎದುರಿನ ಪರದೆಯ ನಕ್ಷೆಯಲ್ಲಿ ಪುಟ್ಟ ವಿಮಾನವೊಂದು ಇದ್ದಲ್ಲೇ ಇದ್ದಂತೆ ಕಾಣುತ್ತಿತ್ತು. ನಾನು ಮನಸ್ಸಿನಲ್ಲೇ ವಾದ ಮಾಡುತ್ತಿದ್ದೆ. ಅವಳು ಒಲ್ಲೆ ಎಂದದ್ದೇ ನಿಜವಾದರೂ, ಅದು ಎಷ್ಟನೆಯ ಒಲ್ಲೆ? ಮಗಳಿಗೆ ತೊಂದರೆಯಾಗುತ್ತದೆಂಬ ಸಂಕೋಚದ ಒಲ್ಲೆಯೂ ಇರಬಹುದಲ್ಲ? ಬಾ ಹೋಗೋಣ ಎಂದು ಯಾರೂ ಒತ್ತಾಯ ಮಾಡಿ ಕರೆಯಲಿಲ್ಲವಲ್ಲ, ಮೊದಲ ಸಲಕ್ಕೇ ಎಲ್ಲರೂ ಸರಿ ಎಂದುಕೊಂಡರಲ್ಲ. ಈ ಆಸೆಯೊಂದನ್ನು ಹಿಡಿದುಕೊಂಡು ನಾನು ಆ ದೇಶದಲ್ಲಿ ಇಳಿದೆ.

ಮಗಳು ಹೂಗುಚ್ಛ ಹಿಡಿದು ನಿಂತಿದ್ದಳು. ಕಣ್ಣು ಥೇಟ್ ತಾಯಿಯದೇ. "ಪ್ರಯಾಣ ಚೆನ್ನಾಗಿತ್ತಾ ದೊಡ್ಡಮ್ಮ?" ಎಂದು ಪಾಠ ಒಪ್ಪಿಸುವಂತೆ ಕೇಳಿ ನನ್ನ ಕಾಲು ಮುಟ್ಟಲು ಬಗ್ಗಿದಳು. ಅವಳನ್ನು ಎತ್ತಿ ಅಪ್ಪಿಕೊಂಡೆ. ಕಾರಿನಲ್ಲಿ ದಾರಿಯುದ್ದಕ್ಕೂ ಹಸಿರು ಹೊಲ, ಬೂದಿ ಬಣ್ಣದ ಆಕಾಶ. ನಮ್ಮೂರ ಬಿಸಿಲು ಕಂಡ ಕಣ್ಣಿಗೆ ಅದು ಬೆಳಗೋ ಸಂಜೆಯೋ ತಿಳಿಯಲಿಲ್ಲ.

ಗೆಳತಿ ಕಿಟಕಿಯ ಹತ್ತಿರ ಗಾಲಿಕುರ್ಚಿಯಲ್ಲಿದ್ದಳು. ಮೈ ಅರ್ಧವಾಗಿತ್ತು. ನನ್ನನ್ನು ಕಂಡದ್ದೇ ಬಾಯಿ ಒಂದು ಕಡೆಗೆ ಎಳೆದುಕೊಂಡು, "ಲೇ," ಎಂದಳು. ಮತ್ತೆ, "ಲೇ, ಲೇ." ಅಷ್ಟೇ ಅವಳಿಂದ ಆದದ್ದು. "ಬಂದೀನಲೇ," ಎಂದು ಅವಳ ಮಡಿಲಲ್ಲಿ ತಲೆಯಿಟ್ಟೆ. ಎಡಗೈಯಿಂದ ನನ್ನ ಕೂದಲು ಸವರಿದಳು. ಎಷ್ಟು ಹೊತ್ತು ಅತ್ತೆವೋ, ಮಗಳು ಚಹಾ ತಂದಿಟ್ಟು ಬಾಗಿಲೆಳೆದುಕೊಂಡು ಹೋದಳು.

ಊಟಕ್ಕೆ ಮೆತ್ತಗೆ ಬೇಯಿಸಿದ ಅನ್ನ. ನಾನೇ ತುತ್ತು ಮಾಡಿದೆ. ಸ್ವಲ್ಪ ಉಂಡು, "ಒಲ್ಲೆ," ಎಂದಳು. ಎದುರಿಗೆ ಕೂತು ಕೇಳಿದ ಮೇಲೆ ಸಂಶಯ ಉಳಿಯಲಿಲ್ಲ. ಲಕಾರ ಸ್ವಚ್ಛವಾಗಿತ್ತು. "ನಿಮ್ಮವ್ವ ಇದ್ದಿದ್ರ ಬಿಡ್ತಿದ್ರೇನಲೇ? ಇನ್ನೊಂದು ತುತ್ತು," ಎಂದೆ. ಮತ್ತೆ ಒಲ್ಲೆ ಎಂದಳು. ಮತ್ತೂ ಒಂದು ಸಲ ಕೇಳಿದೆ. ಬಾಯಿ ತೆರೆದಳು! ನನಗಾದ ಸಂತೋಷ ಹೇಳತೀರದು. ವಿಮಾನದಲ್ಲಿ ಹಿಡಿದುಕೊಂಡು ಬಂದ ಆಸೆ ಚಿಗುರಿತು. ಹಳೆಯ ರೀತಿ ಅವಳಲ್ಲಿ ಹಾಗೇ ಇದೆ, ಇದು ಒತ್ತಾಯ ಬೇಡುವ ಒಲ್ಲೆ ಎಂದುಕೊಂಡು ನಾನು ಹಗುರಾದೆ.

ಮರುದಿನ ಅವಳ ಜೊತೆ ಡಯಾಲಿಸಿಸ್‌ಗೆ ಹೋದೆ. ಮನೆ ಬಿಡುವಾಗ ಮಗಳು ಕೇಳಿದಳು, ತಾಯಿ ಒಲ್ಲೆ ಎಂದಳು, ಮಗಳು ನಾಲಿಗೆ ಅರ್ಧವೇ ಮಡಚಿ "ಒಳ್ಳೆ!" ಎಂದು ಕೋಟಿನ ಗುಂಡಿ ಹಾಕಿದಳು. ನಾನು ಗಾಲಿಕುರ್ಚಿ ತಳ್ಳಿದೆ. ಆಸ್ಪತ್ರೆಯಲ್ಲಿ ಬಾಗಿಲು ದಾಟುತ್ತಲೇ ನರ್ಸುಗಳೆಲ್ಲ ಹೆಬ್ಬೆರಳೆತ್ತಿ, "ಒಲ್ಲೆ! ಒಲ್ಲೆ!" ಎಂದು ಕೂಗಿ ಸ್ವಾಗತಿಸಿದರು. ಅವಳನ್ನು ಖುಷಿಪಡಿಸಲೆಂದು ಎಲ್ಲರೂ ಆ ಪದ ಕಲಿತಿದ್ದರು. ಳಕಾರ ಅವರ ನಾಲಿಗೆಗೆ ಹೊರಳುವುದಿಲ್ಲ. ಹಾಗಾಗಿ ಅವಳು ಅಂದದ್ದನ್ನೇ ಅಂದಂತೆಯೇ ತಿರುಗಿ ಅವಳಿಗೆ ಹೇಳುತ್ತಿದ್ದರು. ಅಷ್ಟು ಒಳ್ಳೆಯ ಮಕ್ಕಳು, ಅಷ್ಟು ಮೃದುವಾದ ಕೈ. ನನಗೆ ಕಿವಿ ಮುಚ್ಚಿಕೊಳ್ಳಬೇಕೆನಿಸಿತು. ಎಡಚಿಯಾದ್ದರಿಂದ ಆ ಕೈ ಬಿಟ್ಟು, ಡಯಾಲಿಸಿಸ್ ಸೂಜಿಯ ಕಾಯಂ ಜಾಗವನ್ನು ಅವಳ ಬಲಗೈಗೆ ಮಾಡಿದ್ದರು. ಈಗ ಜೀವವಿಲ್ಲದ ಆ ಕೈ ದಿಂಬಿನ ಮೇಲೆ ಬಿದ್ದಿತ್ತು. ಸೂಜಿ ಹೋಗುವಾಗ ಅವಳು ನನ್ನ ಮುಖ ಬಿಟ್ಟು ಬೇರೆ ಕಡೆ ನೋಡಲಿಲ್ಲ. ಕಣ್ಣಿಂದ ನೀರು ಇಳಿಯುತ್ತಿತ್ತು. "ಲಕ್ವದವರಿಗೆ ಅಳು ಬೇಗ ಬರುತ್ತದಂತೆ ದೊಡ್ಡಮ್ಮ," ಎಂದು ಮಗಳು ನನಗೆ ಸಮಾಧಾನ ಹೇಳಿದಳು. ಯಂತ್ರ ತಿರುಗುತ್ತಿತ್ತು. ಮನೆಗೆ ಬಂದ ಮೇಲೆ ಗೆಳತಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು, ಸಂಜೆಯವರೆಗೂ ಏಳಲಿಲ್ಲ.

ಅದರ ಮಾರನೆಯ ದಿನ ಮಧ್ಯಾಹ್ನ ಬಿಸಿಲು ಬಿದ್ದಿತ್ತು. ಅವಳನ್ನು ಕಿಟಕಿಯ ಹತ್ತಿರ ಕೂಡಿಸಿ ಎದುರಿಗೆ ಸ್ಟೂಲ್ ಹಾಕಿಕೊಂಡೆ. ಬಲಗೈಯನ್ನು ಅವಳ ತೊಡೆಯ ಮೇಲೆ ಮಗಳು ಜೋಡಿಸಿಟ್ಟಿದ್ದಳು. ಹಣೆಗೆ ಕುರುಗೋಡಿನ ವಿಭೂತಿ ಹಚ್ಚಿದೆ. ಮಗಳು ಪಕ್ಕದ ಅಡುಗೆಮನೆಯಲ್ಲಿದ್ದಳು, ನಡುವಿನ ಬಾಗಿಲು ತೆರೆದಿತ್ತು.

"ನಾಳಿ ಆಸ್ಪತ್ರಿಗೆ ಹೋಗೂನೇನಲೇ?" ಎಂದೆ.

"ಒಲ್ಲೆ."

"ನಾ ಬರ್ತೀನಿ ಜೋಡಿ. ಹೆಂಗ ಆಗ್ತೈತಿ ಅಂತ ನಿನಗ ಗೊತ್ತೈತಿ. ಹೋಗದಿದ್ರ ಏನಾಗ್ತೈತಿ ಅನ್ನೋದೂ ನಿನಗ ಗೊತ್ತೈತಿ, ನೀ ನರ್ಸು. ನನ್ನ ಸಲುವಾಗಿ ಬ್ಯಾಡ, ಮಗಳ ಸಲುವಾಗಿ ಹೋಗೂನು."

ಅವಳು ಅಡುಗೆಮನೆಯ ಕಡೆ ನೋಡಿದಳು. ಮತ್ತೆ ನನ್ನ ಕಡೆ ತಿರುಗಿ, "ಒಲ್ಲೆ," ಎಂದಳು.

ಮೂರನೆಯ ಸಲ ಕೇಳಲು ನನಗೆ ಬಾಯಿ ಬರಲಿಲ್ಲ. ಕೇಳದೆ ಇದ್ದರೆ ಇದು ಇನ್ನೂ ಎರಡನೆಯದಾಗಿಯೇ ಉಳಿಯುತ್ತದಲ್ಲ, ಮರ್ಯಾದೆಯದು ಎಂದುಕೊಂಡು ಊರಿಗೆ ಹೋಗಿಬಿಡಬಹುದಲ್ಲ ಎನಿಸಿತು. ಎದ್ದು ಹೋಗಿ ಕಿಟಕಿಯಲ್ಲಿ ನಿಂತೆ. ಹೊರಗೆ ಯಾರದೋ ನಾಯಿ ಹುಲ್ಲಿನಲ್ಲಿ ಓಡುತ್ತಿತ್ತು. ಇಷ್ಟು ದೂರ ಬಂದದ್ದು ಕೇಳಲೆಂದೇ ಅಲ್ಲವೇ, ಹೇಡಿ, ಎಂದು ನನಗೆ ನಾನೇ ಬೈದುಕೊಂಡೆ. ತಿರುಗಿ ಬಂದು ಕೂತೆ. ಆಗ ನನ್ನ ಬಾಯಿಂದ ಬಂದದ್ದು ಅವಳ ತಾಯಿಯ ದನಿ, ಸೌಟು ಹಿಡಿದು ಕೇಳುವ ದನಿ.

"ಇನ್ನೊಂದೇ ಒಂದು ಸಲ, ನನ್ನವ್ವ?"

ಅವಳು ಬಾಯಿ ತೆರೆಯಲಿಲ್ಲ. ಎಡಗೈ ಎತ್ತಿದಳು. ಅದನ್ನು ನಿಧಾನವಾಗಿ ತಂದು, ತೊಡೆಯ ಮೇಲಿದ್ದ ಬಲಗೈಯ ಆ ಸೂಜಿಯ ಜಾಗದ ಮೇಲೆ ಅಡ್ಡ ಇಟ್ಟು, ಐದೂ ಬೆರಳು ಹರವಿದಳು. ಸಿರುಗುಪ್ಪದ ಮನೆಯಲ್ಲಿ ತಟ್ಟೆಯ ಮೇಲೆ ಇಡುತ್ತಿದ್ದ ಹಾಗೆಯೇ. ನನ್ನನ್ನೇ ನೋಡುತ್ತಿದ್ದಳು, ಆ ನೋಟದಲ್ಲಿ ದುಃಖವಿರಲಿಲ್ಲ. ಹೊಟ್ಟೆ ತುಂಬಿದವರು ನೋಡುವ ಹಾಗೆ ನೋಡುತ್ತಿದ್ದಳು.

ಬಾಗಿಲಲ್ಲಿ ತಟ್ಟೆ ಹಿಡಿದು ಮಗಳು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. "ಅದು ಅಮ್ಮ ಊಟ ಸಾಕು ಅಂತ ಮಾಡೋದು," ಎಂದಳು. ಚಿಕ್ಕಂದಿನಿಂದ ಊಟದ ಮೇಜಿನಲ್ಲಿ ಅವಳು ಆ ಕೈಯನ್ನು ನೋಡಿಕೊಂಡೇ ಬೆಳೆದವಳು. ನಾನು ಹೇಳಬೇಕೆಂದು ಸಮುದ್ರ ದಾಟಿ ತಂದ ಮಾತನ್ನು ಆ ಕೈ ಹೇಳಿಬಿಟ್ಟಿತ್ತು.

ಅವಳು ಬಂದು ನೆಲದ ಮೇಲೆ ಕೂತಳು. "ಒಳ್ಳೆ ಅಂದರೆ ಗುಡ್ ಅಲ್ಲವಾ, ದೊಡ್ಡಮ್ಮ?"

"ನಿಮ್ಮವ್ವ ಅಂದಿದ್ದು ಬ್ಯಾರೆ ಮಾತವ್ವ. ಒಲ್ಲೆ. ನನಗ ಬ್ಯಾಡ ಅಂತ."

ಆ ಮುಖ ಬಿಳಿಚಿಕೊಂಡದ್ದನ್ನು ನಾನು ಮರೆಯಲಾರೆ. ತಾಯಿಗಾಗಿ ಒಂದು ಭಾಷೆ ಕಲಿಯಲು ಹೊರಟ ಹುಡುಗಿ. ಕಲಿತ ಆ ನಾಲ್ಕಕ್ಷರವೇ ಅವಳಿಗೆ ಮೋಸ ಮಾಡಿತ್ತು. "ಹಾಗಾದರೆ ಇಷ್ಟು ದಿನವೂ? ಪ್ರತಿ ಸಲವೂ ಅಮ್ಮ ಬೇಡ ಅಂದರಾ? ನಾನು ಪ್ರತಿ ಸಲವೂ..." ಆಮೇಲೆ ನನ್ನ ಕೈ ಹಿಡಿದು, "ಎರಡೂ ಪದ ಹೇಳಿ ದೊಡ್ಡಮ್ಮ. ಹೇಗೆ ಬೇರೆ ಅಂತ ಹೇಳಿ. ನನಗೆ ಗೊತ್ತಾಗಬೇಕಿತ್ತಾ?" ಎಂದಳು.

ಮೂವತ್ತು ವರ್ಷ ನಾನು ಇದೇ ಪ್ರಶ್ನೆಗೆ ಉತ್ತರ ಹೇಳಿದವಳು. ನಾಲಿಗೆಯನ್ನು ಎಲ್ಲಿಡಬೇಕು, ಎಲ್ಲಿ ಮಡಚಬೇಕು ಎಂದು ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸಿದವಳು. ಅವಳ ಕಣ್ಣು ನೋಡಿದೆ.

"ಎರಡೂ ಕೇಳಾಕ ಒಂದ ಥರ ಇರ್ತಾವವ್ವ," ಎಂದೆ. "ನಮ್ಮ ಕಡಿ ಮಂದಿಗೇ ಗೊತ್ತಾಗಂಗಿಲ್ಲ. ಮತ್ತ ನಿಮ್ಮವ್ವ ಮೊದಮೊದಲು ಒಳ್ಳೆ ಅಂತಾನ ಅಂದಿರಬೇಕು. ಈಗೀಗ ಸಾಕಾಗೈತಿ ಆಕಿಗೆ, ಅಷ್ಟ."

ಗೆಳತಿಯ ಎಡಗೈ ಬಂದು ನನ್ನ ತೋಳನ್ನು ಚಿವುಟಿತು. ಹಾಸ್ಟೆಲಿನಲ್ಲಿ ನಾನು ವಾರ್ಡನ್ ಮುಂದೆ ಸುಳ್ಳು ಹೇಳುವಾಗ ಹಿಂದೆ ನಿಂತು ಹೀಗೇ ಚಿವುಟುತ್ತಿದ್ದಳು. ಆಮೇಲೆ ಅದೇ ಕೈಯನ್ನು ಮಗಳ ತಲೆಯ ಮೇಲಿಟ್ಟಳು.

ಡಾಕ್ಟರುಗಳು ಬಂದರು. ಅವರೂ ಬೇರೆ ಬೇರೆ ರೀತಿಯಲ್ಲಿ, ಚಿತ್ರ ತೋರಿಸಿ, ಕನ್ನಡ ಬಲ್ಲ ಇನ್ನೊಬ್ಬರನ್ನು ಕರೆಸಿ ಕೇಳಿದರು. ಅವಳ ಉತ್ತರ ಬದಲಾಗಲಿಲ್ಲ. ಡಯಾಲಿಸಿಸ್ ನಿಂತಿತು. ಆ ನರ್ಸುಗಳು ಮನೆಗೇ ಬಂದು ಅವಳನ್ನು ಮುದ್ದಿಸಿ ಹೋದರು, ಆ ಪದವನ್ನು ಮಾತ್ರ ಯಾರೂ ಎತ್ತಲಿಲ್ಲ. ಗೆಳತಿ ಸಮಾಧಾನದಿಂದಿದ್ದಳು. ಇನ್ನು ಪಥ್ಯವೇನೆಂದು ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕೊಟ್ಟರೆ ಚಪ್ಪರಿಸಿದಳು. ಮಗಳು ಕೆಲಸಕ್ಕೆ ರಜೆ ಹಾಕಿ ಅವಳ ಪಕ್ಕದಲ್ಲೇ ಮಲಗಿದಳು, ದಿನವಿಡೀ ಅವಳ ಕೈ ಹಿಡಿದುಕೊಂಡು ಏನೇನೋ ಹೇಳುತ್ತಿದ್ದಳು. ನಾನು ಹಾಸ್ಟೆಲಿನ ಕತೆಗಳನ್ನೆಲ್ಲ ಹೇಳಿದೆ, ಗೆಳತಿ ತುಟಿಯ ಒಂದೇ ಬದಿಯಲ್ಲಿ ನಕ್ಕಳು. ಮುಂದೆ ನಿದ್ದೆ ಹೆಚ್ಚಾಯಿತು. ಒಂದು ಬೆಳಿಗ್ಗೆ ನಾವಿಬ್ಬರೂ ಎರಡು ಬದಿಗೆ ಕೂತಿದ್ದಾಗಲೇ ಹೋದಳು. ಹಣೆಗೆ ವಿಭೂತಿ ನಾನೇ ಹಚ್ಚಿದೆ.

ನಾನು ಮರಳುವ ದಿನ ಮಗಳು ವಿಮಾನ ನಿಲ್ದಾಣಕ್ಕೆ ಬಂದಳು. ಒಳಗೆ ಬಿಡುವ ಜಾಗದವರೆಗೂ ನನ್ನ ಚೀಲ ಹಿಡಿದಿದ್ದಳು. ಅತ್ತು ಅತ್ತು ಅವಳ ಕಣ್ಣು ಸಣ್ಣವಾಗಿದ್ದವು. "ಬಳ್ಳಾರಿಗೆ ಬರ್ತೀಯೇನವ್ವ?" ಎಂದೆ. ಹೂಂ ಎಂದು ತಲೆಯಾಡಿಸಿದಳು. ಕಾಲು ಮುಟ್ಟಿದಳು, ಎದ್ದು ನಿಂತಳು. ಆಮೇಲೆ ನಿಧಾನವಾಗಿ ಹೇಳಿದಳು:

"ನಿಮಗೆ ಒಳ್ಳೆಯದಾಗಲಿ, ದೊಡ್ಡಮ್ಮ."

ನಾಲಿಗೆ ಎಲ್ಲಿ ಮಡಚಬೇಕೋ ಅಲ್ಲೇ ಮಡಚಿತ್ತು. ಇಷ್ಟು ದಿನದಲ್ಲಿ ಯಾವಾಗ, ಯಾರಿಂದ ಕಲಿತಳೋ, ಅವಳ ಳಕಾರದಲ್ಲಿ ತಿದ್ದುವಂಥದ್ದು ಏನೂ ಇರಲಿಲ್ಲ. ನಾನು ಅವಳ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಎರಡೂ ಒಂದೇ ಥರ ಕೇಳುತ್ತವೆ ಎಂದಿದ್ದ ನನ್ನ ಮಾತನ್ನು ಇಬ್ಬರೂ ಎತ್ತಲಿಲ್ಲ. ಅವಳ ಕೈಯಿಂದ ಚೀಲ ಇಸಿದುಕೊಂಡು ನಾನು ಸಾಲಿನಲ್ಲಿ ನಿಂತೆ.